ಬಾಗಿಲು ತೆಗೆದ ತಮ್ಮ

ಕೆಂಪು ದೀಪ ಆರಿತು. ಆರಿದ ಮೇಲೂ ಅವನು ಮೈಕಿನ ಮುಂದೆ ಹಾಗೇ ಕೂತಿದ್ದ, ಎದ್ದು ಹೋಗಲು ಯಾರೋ ಅಪ್ಪಣೆ ಕೊಡಬೇಕೇನೋ ಎಂಬಂತೆ. ಈಗಷ್ಟೇ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದ್ದ. ದೇವರ ಕ್ಷಮೆ ಹರಿಯುವ ನೀರು, ಅದಕ್ಕೆ ಅಡ್ಡ ಕಟ್ಟೆ ಕಟ್ಟುವವರು ನಾವೇ, ಎಂದು ಹೇಳುವಾಗ ದನಿ ತಾನಾಗಿ ತಗ್ಗಿತ್ತು; 'ನಾವೇ' ಎಂಬಲ್ಲಿ ಒಂದಿಷ್ಟು ಒದ್ದೆಯೂ ಆಗಿತ್ತು. ಅದು ಬೇಕೆಂದು ಮಾಡಿದ್ದಲ್ಲ. ಎಲ್ಲಿ ತಗ್ಗಬೇಕು, ಎಲ್ಲಿ ತಡೆಯಬೇಕು ಎಂಬುದು ದನಿಗೇ ಗೊತ್ತಿತ್ತು, ಹಳೇ ಎತ್ತಿಗೆ ಮನೆಯ ದಾರಿ ಗೊತ್ತಿರುವ ಹಾಗೆ. ಗಾಜಿನ ಆಚೆ ತಂತ್ರಜ್ಞ ಕಿತ್ತಳೆ ತಿನ್ನುತ್ತಿದ್ದ. ಮಾತು ನಡೆಯುತ್ತಿರುವಾಗಲೇ ಸುಲಿಯಲು ಶುರು ಮಾಡಿದ್ದ; 'ನಾವೇ' ಎಂದ ಕ್ಷಣಕ್ಕೇ ಒಂದು ತೊಳೆ ಅವನ ಬಾಯೊಳಗೆ ಹೋಗಿದ್ದನ್ನು ಇವನು ಕಣ್ಣಾರೆ ಕಂಡಿದ್ದ. ಅದರಲ್ಲಿ ತಪ್ಪೇನಿಲ್ಲ. ದಿನಾ ಕೇಳುವವನಿಗೆ ಹಸಿವಾಗಬಾರದೆಂದು ಎಲ್ಲಿಯೂ ಬರೆದಿಲ್ಲ. ಆದರೂ ಆ ತೊಳೆ ತನ್ನ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಅವನು ಎರಡು ಸಲ ಕೆಮ್ಮಿದ, ಆಮೇಲೆ ಎದ್ದ.

ಊರಿಗೆಲ್ಲ ಅವನು 'ಬೆಳಗಿನಣ್ಣ'. 'ಎದ್ದೇಳುವ ಹೊತ್ತು' ಎಂಬ ಅವನ ಕಾರ್ಯಕ್ರಮ ಕೇಳದೆ ಒಲೆ ಹಚ್ಚದ ಮನೆಗಳಿವೆ ಎಂದು ರೇಡಿಯೊ ನಿಲಯದವರು ಹೇಳುತ್ತಿದ್ದರು. ಮುಖ ಯಾರಿಗೂ ಗೊತ್ತಿರಲಿಲ್ಲ. ಬೀದಿಯಲ್ಲಿ ಅವನು ಬೋಳು ತಲೆಯ, ಸ್ವಲ್ಪ ಬಾಗಿದ, ಅಗಲ ಪ್ಯಾಂಟಿನ ಯಾರೋ ಮುದುಕ. ಬಾಯಿ ತೆರೆದರೆ ಮಾತ್ರ ಜನ ತಿರುಗುತ್ತಿದ್ದರು. ಹೀಗಾಗಿ ಅಂಗಡಿಗಳಲ್ಲಿ ಅವನು ಬೆರಳು ತೋರಿಸಿಯೇ ಸಾಮಾನು ಕೊಳ್ಳುವುದನ್ನು ಕಲಿತಿದ್ದ. ಒಮ್ಮೆ ಕೊಳೆತ ಟೊಮೇಟೊ ಹಾಕಿದ್ದಕ್ಕೆ ಅಂಗಡಿಯವನ ಮೇಲೆ ರೇಗಿದಾಗ ಪಕ್ಕದಲ್ಲಿದ್ದ ಹೆಂಗಸು, "ಅಯ್ಯೋ, ನೀವಾ?" ಎಂದಿದ್ದಳು. ಅಷ್ಟೇ ಅಂದದ್ದು. ಆ 'ನೀವಾ' ಎಂಬುದನ್ನು ಅವನು ಮನೆಗೆ ಹೊತ್ತು ತಂದು ಎಷ್ಟೋ ದಿನ ಇಟ್ಟುಕೊಂಡಿದ್ದ.

ಮೆಟ್ಟಿಲ ಹತ್ತಿರ ನಿಲಯದ ಹೊಸ ಮ್ಯಾನೇಜರು ಕಾಯುತ್ತಿದ್ದಳು. ಚುರುಕಾದ ಹೆಣ್ಣುಮಗಳು, ಮಾತಾಡುವಾಗ ತುದಿಗಾಲಲ್ಲಿ ಕುಣಿದಂತೆ ಆಡುವವಳು. ಅವಳು ನಗುತ್ತಿದ್ದಳು.

"ಸರ್, ನಿಮ್ಮ ಗುಟ್ಟು ರಟ್ಟಾಯ್ತು," ಎಂದಳು.

ಅವನ ಕೈ ಕಂಬಿಯನ್ನು ಹುಡುಕಿ ಹಿಡಿದುಕೊಂಡಿತು.

"ನಿಮ್ಮಕ್ಕ ಇಲ್ಲೇ ಇದಾರಂತೆ. ನೀವು ಹೇಳೋ ಕಥೇಲಿ ಬರೋ ಅಕ್ಕ. ನಿನ್ನೆ ಅವರ ಪಕ್ಕದ್ಮನೆಯವರು ಫೋನ್ ಮಾಡಿದ್ರು. ಬೆಳಗಿನಣ್ಣ ಹೇಳ್ತಾರಲ್ಲ ಅಕ್ಕ, ಅವರು ನಮ್ಮ ಓಣೀಲೇ ಬಟ್ಟೆ ಹೊಲೀತಾರೆ, ಬಂಗಾರದಂಥ ಹೆಂಗಸು ಅಂದ್ರು. ನೀವು ಒಂದು ದಿನಾನೂ ಹೇಳ್ಲಿಲ್ಲವಲ್ಲ ಸರ್. ನಾನು ಅವರು ಹೋಗ್ಬಿಟ್ಟಿದಾರೆ ಅಂದ್ಕೊಂಡಿದ್ದೆ."

"ಇಲ್ಲ, ಇದಾಳೆ," ಎಂದ. ದನಿ ನೆಟ್ಟಗಿತ್ತು. ಎಂಥ ಹೊತ್ತಲ್ಲೂ ನೆಟ್ಟಗಿರುವ ದನಿ.

"ಕರ್ಕೊಂಡು ಬನ್ನಿ ಸರ್. ನೀವಿಬ್ರೂ ಎದುರುಬದುರು ಕೂತು ಮಾತಾಡಿ. ಬಾಗಿಲು ತೆಗೆದವರೂ ತಟ್ಟಿದವರೂ. ಜನ ಹುಚ್ಚೆದ್ದು ಕೇಳ್ತಾರೆ. ಮುಂದಿನ ವಾರಕ್ಕೆ ಇಟ್ಕೊಳ್ಳೋಣ್ವಾ?"

ಕೇಳಿ ನೋಡುತ್ತೇನೆ ಎಂದ. ಮೈ ಸರಿಯಿಲ್ಲದವಳು, ಬರುತ್ತಾಳೋ ಇಲ್ಲವೋ, ಎಂದೂ ಸೇರಿಸಿದ. ಹೇಳುತ್ತ ಹೇಳುತ್ತಲೇ ಅಕ್ಕನ ಮೈ ಸರಿಯಿದೆಯೋ ಇಲ್ಲವೋ ತನಗೆ ಗೊತ್ತಿಲ್ಲವೆಂಬುದು ಹೊಳೆಯಿತು.

ಪಕ್ಕದ ಮನೆಯವರಿಗೆ ಅಕ್ಕ ಏನು ಹೇಳಿರಬಹುದು? ನಿಲಯದ ಕಾರಿನಲ್ಲಿ ಹಿಂದೆ ಕೂತು ಅವನು ಅದೊಂದನ್ನೇ ತಿರುವಿ ಹಾಕುತ್ತಿದ್ದ. ಮ್ಯಾನೇಜರು ಅವಸರದವಳು, ಪಕ್ಕದ ಮನೆಯವರು ಹೇಳಿದ್ದ ಓಣಿಯ ವಿಳಾಸವನ್ನು ಡ್ರೈವರಿಗೆ ಕೊಟ್ಟು, ಈಗಲೇ ಹೋಗಿ ಬನ್ನಿ ಎಂದು ಕಳಿಸಿದ್ದಳು. ಕೆಂಪು ಸಿಗ್ನಲ್ಲುಗಳಲ್ಲಿ ಕಾರು ನಿಂತಾಗಲೆಲ್ಲ ಅವನಿಗೆ ಸಮಾಧಾನವಾಗುತ್ತಿತ್ತು. ಹೊರಗೆ ಅಂಗಡಿಗಳ ಷಟರುಗಳು ಏಳುತ್ತಿದ್ದವು, ಒಬ್ಬ ನೆಲಕ್ಕೆ ನೀರು ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದ, ಇನ್ನೊಬ್ಬ ಗಾಜಿಗೆ ಉಸಿರು ಬಿಟ್ಟು ಒರೆಸುತ್ತಿದ್ದ. ಉಸಿರಿನ ಮಬ್ಬು ಗಾಜಿನ ಮೇಲೆ ಮೂಡಿ ಮಾಯವಾದದ್ದೇ ಅವನಿಗೆ ಕನ್ನಡಕದಂಗಡಿ ನೆನಪಾಯಿತು, ಎತ್ತರದ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜುತ್ತಿದ್ದ ಆ ತೆಳ್ಳನೆಯ ಮನುಷ್ಯ ನೆನಪಾದ. ಅಕ್ಕ ಗಂಡನ ಮನೆ ಬಿಟ್ಟು ಹೋದದ್ದು ಅವನ ಜೊತೆ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಇಡೀ ದಿನ ಮಾತೇ ಆಡದವನು. ಕನ್ನಡಕ ಮಾಡಿಸಲು ಹೋದಾಗ ಆ ಮನುಷ್ಯ ಮೊದಲು ಕೇಳಿದ್ದು, 'ಏನು ಕಂಡ್ರೆ ನಿಮಗೆ ಇಷ್ಟ, ಅದು ಸರಿಯಾಗಿ ಕಾಣ್ಬೇಕಲ್ಲ' ಅಂತ ಅಕ್ಕ ಒಮ್ಮೆ ನಗುತ್ತ ಹೇಳಿದ್ದಳು. ಆಗ ತಮ್ಮ ಓದುವ ಹುಡುಗ. ಅಮ್ಮ ಹೋದಮೇಲೆ ಅವನ ತಲೆ ಬಾಚಿ, ಅವನ ಅಂಗಿಯ ಗುಂಡಿ ಹಾಕಿ, ಹೇಳು ನೋಡೋಣ ಪದ್ಯ, ಗೋಡೆಗೂ ಕೇಳೋ ಹಾಗೆ ಹೇಳು, ಎಂದು ಅವನಿಂದ ಗಟ್ಟಿಯಾಗಿ ಹೇಳಿಸುತ್ತಿದ್ದವಳು ಅವಳೇ. ಈ ದನಿಗೆ ಯಾರು ಗುರುಗಳು ಎಂದು ಪತ್ರಿಕೆಯವರು ಕೇಳಿದಾಗ ಅವನು ಒಬ್ಬ ಹಿರಿಯ ಧರ್ಮಬೋಧಕರ ಹೆಸರು ಹೇಳಿದ್ದ.

ಹೋದ ಎಷ್ಟೋ ವರ್ಷಗಳ ಮೇಲೆ ಅವಳು ಅವನ ಬಾಗಿಲು ತಟ್ಟಿದ ಆ ಮಧ್ಯಾಹ್ನ ಅವನು ಮರುದಿನದ ಮಾತನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದ. ರೇಡಿಯೊ ಅವನಿಗೆ ಆಗಿನ್ನೂ ಹೊಸದು. ಕಾರ್ಯಕ್ರಮ ನಡೆಸುವ ಧರ್ಮ ಮಂಡಳಿಯ ಹಿರಿಯರು ಅವನನ್ನು ಖಾಯಂ ಮಾಡುವುದೋ ಬೇಡವೋ ಎಂದು ತೂಗುತ್ತಿದ್ದ ಕಾಲ. ಕಿಟಕಿಯ ಸಂದಿನಲ್ಲಿ ಸೀರೆಯ ಅಂಚು ಕಂಡಿತು, ಒಂದು ಚೀಲ ಕಂಡಿತು. ಅವನು ಅರ್ಧ ವಾಕ್ಯಕ್ಕೆ ನಿಲ್ಲಿಸಿದ. ಹೆಂಡತಿ ಬಾಗಿಲ ಕಡೆ ಹೊರಟವಳು ಇವನ ಮುಖ ನೋಡಿದಳು. ಅವನು ಕೈಯನ್ನು ಸ್ವಲ್ಪವೇ ಅಲ್ಲಾಡಿಸಿದ, ನೊಣ ಓಡಿಸಿದ ಹಾಗೆ. ಹೆಂಡತಿ ಬಾಗಿಲನ್ನು ಒಂದು ಗೇಣು ತೆಗೆದು, "ಅವರು ಮನೇಲಿಲ್ಲ ಅತ್ತಿಗೆ," ಎಂದಳು. ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದವನು ಮನೆಯಲ್ಲಿಲ್ಲ. ಆಮೇಲೆ ಅಕ್ಕ, "ಆಯ್ತಮ್ಮ. ಬಂದಿದ್ದೆ ಅಂತ ಹೇಳು," ಎಂದಳು. ಚೀಲ ಮೆಟ್ಟಿಲಿಗೆ ಉಜ್ಜುತ್ತ ಇಳಿದ ಸದ್ದು ಕೇಳಿಸಿತು. ಗಂಡನನ್ನು ಬಿಟ್ಟು ಹೋದವಳನ್ನು ಮನೆಗೆ ಸೇರಿಸಿದ್ದು ಮಂಡಳಿಯವರಿಗೆ ಗೊತ್ತಾದರೆ ಎಂದು ಆಮೇಲೆ ಅವನು ಹೆಂಡತಿಗೆ ವಿವರಿಸಿದ. ಹೆಂಡತಿ, "ನಾನೇನಾದ್ರೂ ಕೇಳಿದ್ನಾ?" ಎಂದಳು.

ಅದನ್ನು ಕಥೆ ಮಾಡಿದ್ದು ಎಷ್ಟೋ ತಿಂಗಳಾದ ಮೇಲೆ. ಕಾರ್ಯಕ್ರಮ ಕುಂಟುತ್ತಿತ್ತು. ಆಗಿನ ನಿರ್ದೇಶಕರು, "ನಿಮ್ಮ ಮಾತಲ್ಲಿ ದೇವರಿದಾನೆ ಮಾರಾಯ್ರೆ, ಮನುಷ್ಯರೇ ಇಲ್ಲ," ಎಂದಿದ್ದರು. ಮರುದಿನ ಬರೆದು ತಂದದ್ದು ಕೈಯಲ್ಲಿರುವಾಗಲೇ ಅವನ ಬಾಯಿಂದ, "ಒಬ್ಬಳು ಅಕ್ಕ ಇದ್ದಳು, ಮೋಸ ಹೋಗಿ ಮನೆ ಬಿಟ್ಟಳು," ಎಂದು ಹೊರಟುಬಿಟ್ಟಿತು. ಅದು ತನ್ನ ದಾರಿ ತಾನೇ ಹಿಡಿಯಿತು. ಕಥೆಗೆ ಒಬ್ಬ ಮೋಸಗಾರ ಬೇಕಾಗಿದ್ದ, ಕನ್ನಡಕದವನು ಮೋಸಗಾರನಾದ. ಕೊನೆಗೆ ಒಂದು ಬಾಗಿಲು ಬೇಕಾಗಿತ್ತು. ಬಾಗಿಲು ತಟ್ಟುವಲ್ಲಿಗೆ ಬಂದಾಗ ಅವನಿಗೆ ನಿಲ್ಲಿಸಲು ಸಾಧ್ಯವಿತ್ತು, ಆ ಒಂದು ಕ್ಷಣ ಅವನಿಗೆ ಇಂದಿಗೂ ನೆನಪಿದೆ. ದೀಪ ಕೆಂಪಗೆ ಉರಿಯುತ್ತಿತ್ತು, ಗಾಜಿನ ಆಚೆ ನಿರ್ದೇಶಕರು ಮುಂದಕ್ಕೆ ಬಾಗಿದ್ದರು. "ಆ ತಮ್ಮ ನಾನೇ. ನಾನು ಬಾಗಿಲು ತೆಗೆದೆ," ಎಂದ. ಅಂದು ನಿಲಯದ ಫೋನು ಮಧ್ಯಾಹ್ನದವರೆಗೂ ಬಡಿದುಕೊಂಡಿತು. ಮಂಡಳಿಯ ಹಿರಿಯರೇ ಎದ್ದು ಬಂದು ಕೈಹಿಡಿದರು. ಯಾರಿಗೆ ಗೊತ್ತಾಗಬಾರದೆಂದು ಬಾಗಿಲು ಹಾಕಿದ್ದನೋ ಅವರೇ. ಮನೆಗೆ ಬಂದರೆ ಅಡುಗೆಮನೆಯ ರೇಡಿಯೊ ಇದ್ದ ಜಾಗದಲ್ಲಿ ಉಪ್ಪಿನ ಡಬ್ಬಿ ಇತ್ತು. ಹೆಂಡತಿ ಅಂದಿನಿಂದ ಇಂದಿನವರೆಗೂ ಅವನ ಕಾರ್ಯಕ್ರಮ ಕೇಳಿಲ್ಲ.

ಓಣಿ ಕಾರು ಹೋಗದಷ್ಟು ಕಿರಿದು. ಅವನು ಇಳಿದು ನಡೆದ. ಯಾರನ್ನಾದರೂ ಕೇಳಬೇಕೆಂದರೆ ಬಾಯಿ ತೆರೆಯಬೇಕು. ಅದಕ್ಕೆ ಹೆದರಿ ಎರಡು ಸಲ ಮೇಲೆ ಕೆಳಗೆ ಓಡಾಡಿದ ಮೇಲೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ರಸ್ತೆಗೇ ತೆರೆದುಕೊಂಡ ಒಂದು ಕೋಣೆ. ಅಕ್ಕ ಯಾರದೋ ಕೋಟಿನ ಒಳಪದರ ಹೊಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಿಕ್ಕಪ್ಪನ ಸಾವಿನಲ್ಲಿ ಕೋಣೆಯ ಆ ತುದಿ ಈ ತುದಿಯಿಂದ ಒಬ್ಬರಿಗೊಬ್ಬರು ತಲೆ ಆಡಿಸಿದ್ದು ಬಿಟ್ಟರೆ ಇಷ್ಟು ವರ್ಷಗಳಲ್ಲಿ ಅವಳನ್ನು ಅವನು ನೋಡಿರಲಿಲ್ಲ. ಅವಳು ಕನ್ನಡಕದ ಮೇಲಿಂದ ನೋಡಿ, "ದಪ್ಪ ಆಗಿದೀಯ," ಎಂದಳು. "ಆ ಬಟ್ಟೆಗಂಟು ಕೆಳಗಿಡು, ಕೂತ್ಕೋ."

ಕೂತ. ಗೋಡೆಯ ಮೇಲಿನ ಹಲಗೆಯಲ್ಲಿ ದಾರದ ಉಂಡೆಗಳ ನಡುವೆ ಒಂದು ಚಿಕ್ಕ ರೇಡಿಯೊ ಇತ್ತು. ಅದರ ಮೇಲೆ ಹೊಲಿದ ಹೊದಿಕೆ. ಅದನ್ನು ನೋಡಬಾರದೆಂದು ಅವನು ಮೊಣಕಾಲು ನೋಡಿಕೊಂಡ. ಬಂದ ಕಾರಣವನ್ನು ಹೇಳಿದ.

"ಗೊತ್ತು. ಪಕ್ಕದ್ಮನೆಯವಳೇ ಹೇಳಿದ್ಲು. ಅವಳ ಬಾಯಲ್ಲಿ ಏನೂ ನಿಲ್ಲಲ್ಲ, ತೂತುಬಿದ್ದ ಕೊಡ."

"ಅವರಿಗೆ ನೀನು ಏನು ಹೇಳಿದೀಯ ಅಕ್ಕ?"

ಅವಳು ಯಂತ್ರದ ಗಾಲಿಯ ಮೇಲೆ ಕೈಯಿಟ್ಟಳು. "ಅದಕ್ಕೇ ಬಂದಿದೀಯಾ?"

ಬಂದದ್ದು ಅದಕ್ಕೇ ಎಂಬುದು ಈಗ ಅವನಿಗೂ ಗೊತ್ತಾಗಿತ್ತು.

"ಈ ಕೋಣೆಗೆ ಬಂದ ಹೊಸದ್ರಲ್ಲಿ ಮನೆಯೊಡತಿ ನನ್ನ ಮುಖ ನೋಡ್ತಿರ್ಲಿಲ್ಲ," ಎಂದಳು ಅಕ್ಕ. "ಒಂಟಿ ಹೆಂಗಸು, ಎಲ್ಲಿಂದ ಬಂದ್ಲೋ ಏನೋ ಅಂತ. ನಲ್ಲಿ ಹತ್ರ ಹೋದ್ರೆ ಎಲ್ರೂ ಸುಮ್ಮನಾಗ್ಬಿಡೋರು. ಒಂದಿನ ಬೆಳಿಗ್ಗೆ ಅವಳ ಮನೆ ರೇಡಿಯೋದಲ್ಲಿ ನೀನು ಹೇಳ್ತಾ ಇದ್ದೆ. ನಾನು ಇಲ್ಲೇ ಕೂತಿದ್ದೆ. ನನ್ನ ಚೀಲ, ನನ್ನ ಸೀರೆ ಬಣ್ಣ, ಎಲ್ಲಾ ಹೇಳ್ದೆ. ಬಾಗಿಲು ತೆಗೆದೆ ಅಂತನೂ ಹೇಳ್ದೆ. ಆ ಚೀಲ ಇಲ್ಲೇ ಮೊಳೆಗೆ ನೇತಾಡ್ತಿತ್ತು, ಮನೆಯೊಡತೀನೂ ದಿನಾ ನೋಡ್ತಿದ್ಲು. ಅವಳು ಓಡಿ ಬಂದು ಆ ಅಕ್ಕ ನೀವೇನಾ ಅಂದ್ಲು. ನಾನು ಏನನ್ಬೇಕಿತ್ತು? ಹೌದು ಅಂದೆ. ಅಂಥಾ ತಮ್ಮ ಇದಾನಾ ನಿಮಗೆ ಅಂದ್ಲು. ಇದಾನೆ ಅಂದೆ. ಮಾರನೇ ದಿನ ಅವಳೇ ನೀರು ತಂದಿಟ್ಲು."

ಹೊರಗೆ ಯಾರೋ ಸೈಕಲ್ಲು ಒರಗಿಸಿ, "ಪ್ಯಾಂಟು ಆಯ್ತಾ ಅಕ್ಕಾ?" ಎಂದು ಕೇಳಿದರು. "ಸಂಜೆಗೆ ಬಾಪ್ಪ," ಎಂದಳು.

ಅವನು ಬಗ್ಗಿ ಕೂತಿದ್ದ. ಬೈದಿದ್ದರೆ, ಎದ್ದು ಹೋಗು ಎಂದಿದ್ದರೆ ತಡೆದುಕೊಳ್ಳಬಹುದಿತ್ತು. "ನಾನು ಎಲ್ಲಾ ಹೇಳ್ಬಿಡ್ತೀನಿ ಅಕ್ಕ," ಎಂದ. "ಮುಂದಿನ ವಾರ, ನಿನ್ನೆದುರೇ. ಅವತ್ತು ಬಾಗಿಲು ತೆಗೀಲಿಲ್ಲ, ನಾನೊಬ್ಬ ಹೇಡಿ ಅಂತ ಜನಕ್ಕೆ ಹೇಳ್ತೀನಿ." ಹೇಳುತ್ತಿರುವಾಗಲೇ ಒಳಗೆ ಇನ್ನೊಬ್ಬ ಕೂತು ಅಳೆಯುತ್ತಿದ್ದ: 'ತೆಗೆಯಲಿಲ್ಲ' ಎಂಬಲ್ಲಿ ನಿಲ್ಲಿಸಬೇಕು, ಎರಡು ಉಸಿರಿನಷ್ಟು, ಹೇಡಿ ಎಂಬ ಮಾತನ್ನು ತಗ್ಗಿಸಿಯೇ ಹೇಳಬೇಕು. ಎಂಥ ಬೆಳಗಾಗುತ್ತದೆ ಅದು, ಫೋನುಗಳು ಹೇಗೆ ಬಡಿದುಕೊಳ್ಳುತ್ತವೆ. ಅಕ್ಕ ಆ ಇನ್ನೊಬ್ಬನನ್ನೇ ನೋಡುತ್ತಿರುವಂತೆ ಅವನಿಗನಿಸಿತು.

"ಹೇಳು," ಎಂದಳು. "ಊರೆಲ್ಲ ಅಳುತ್ತೆ. ಎಂಥಾ ದೊಡ್ಡ ಮನುಷ್ಯ, ತಪ್ಪು ಒಪ್ಕೊಂಡ ಅಂತಾರೆ. ನಿನಗೆ ಹಗುರ ಆಗುತ್ತೆ, ರಾತ್ರಿ ನಿದ್ದೆ ಬರುತ್ತೆ. ನನಗೆ? ಬೆಳಗಾದ್ರೆ ನಾನು ಈ ಓಣೀಲಿ ಒಡಹುಟ್ಟಿದ ತಮ್ಮನೇ ಬಾಗಿಲು ಹಾಕ್ಕೊಂಡ ಹೆಂಗಸು. ಅದೂ ಸಾಲ್ದು ಅಂತ ಇಷ್ಟು ವರ್ಷ ಸುಳ್ಳು ಹೇಳ್ದೋಳು. ಬೇಡಪ್ಪ. ಇರೋದು ಹಂಗೇ ಇರ್ಲಿ."

"ಹಾಗಾದ್ರೆ ಬರಲ್ವಾ?"

"ಬರ್ತೀನಿ. ಬರದಿದ್ರೆ ಯಾಕ್ ಹೋಗ್ಲಿಲ್ಲ ಅಂತ ಈ ಓಣಿಯವರೇ ಕಿತ್ತು ತಿಂತಾರೆ." ಅವಳು ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು. ಕನ್ನಡಕವಿಲ್ಲದ ಮುಖ ಹಳೆಯ ಅಕ್ಕನದು. "ಒಂದೇ ಒಂದು ಮಾತು ನಡೆಸ್ಕೊಡು. ಅವರನ್ನ ಮೋಸಗಾರ ಅನ್ಬೇಡ. ಅವರು ನನಗೆ ಮೋಸ ಮಾಡ್ಲಿಲ್ಲ ಕಣೋ. ಎದೆ ಕಾಯಿಲೆ ಬಂದು ಹೋದ್ರು. ಕೊನೆಗೆ ಒಂದು ಲೋಟ ಎತ್ತೋಕಾಗ್ತಿರ್ಲಿಲ್ಲ, ಆದ್ರೂ ನನ್ನ ಕನ್ನಡಕ ತಾವೇ ಒರೆಸಿ ಕೊಡೋರು. ಅವರು ಹೋದ್ಮೇಲೇನೇ ನಾನು ನಿನ್ನ ಬಾಗಿಲಿಗೆ ಬಂದಿದ್ದು. ನೀನು ಒಳ್ಳೆಯವನು ಅನ್ನಿಸ್ಕೋ, ನನಗೇನೂ ಹೊಟ್ಟೆಉರಿ ಇಲ್ಲ. ಅದಕ್ಕೆ ಅವರನ್ನ ಕೆಟ್ಟವರು ಮಾಡ್ಬೇಕಿತ್ತಾ? ನೀನು ಆ ಮಾತು ಅಂದಾಗೆಲ್ಲ ನಾನು ಎದ್ದು ರೇಡಿಯೋ ಸಣ್ಣ ಮಾಡ್ತೀನಿ. ಆಮೇಲೆ ಮತ್ತೆ ಜೋರು ಮಾಡ್ತೀನಿ, ನಿನ್ನ ದನಿ ಕೇಳ್ಬೇಕಲ್ಲ."

ಅವನು ಆಗಲಿ ಎಂದ. ದೇವರ ಮೇಲೆ ಆಣೆ ಮಾಡಲು ಹೊರಟವನು ನಾಚಿ ನಿಲ್ಲಿಸಿದ. ಏಳುವಾಗ ಅಕ್ಕ ಅವನ ಅಂಗಿಯ ತೋಳು ಹಿಡಿದು ನೋಡಿ, "ಹೊಲಿಗೆ ಬಿಟ್ಟಿದೆ," ಎಂದಳು. ತೊಟ್ಟುಕೊಂಡಿದ್ದ ಹಾಗೆಯೇ ನಾಲ್ಕು ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

ಆ ವಾರವೆಲ್ಲ ಅವನು ಮನೆಯಲ್ಲಿ ಹೊಸ ವಾಕ್ಯ ಕೂಡಿಸುತ್ತ ಓಡಾಡಿದ. ಒಬ್ಬಳು ಅಕ್ಕ ಇದ್ದಳು, ಇಷ್ಟಪಟ್ಟವರ ಜೊತೆ ಮನೆ ಬಿಟ್ಟಳು. ಒಬ್ಬಳು ಅಕ್ಕ ಇದ್ದಳು, ಒಬ್ಬ ಒಳ್ಳೆಯ ಮನುಷ್ಯನ ಜೊತೆ ಹೋದಳು. ಬಾಯಲ್ಲಿ ಅದು ಹೊಸ ಹಲ್ಲುಕಟ್ಟಿನ ಹಾಗೆ ಆಡುತ್ತಿತ್ತು. ಅಕ್ಕನ ಹತ್ತಿರ ಹೋಗಿದ್ದೆ ಎಂದು ಹೆಂಡತಿಗೆ ಹೇಳಿದಾಗ ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿದಾರೆ ಅಲ್ವಾ? ಹೋದ ತಿಂಗಳು ಕೈ ಊದಿತ್ತು," ಎಂದಳು. ಅವಳು ಹೋಗಿ ಬರುತ್ತಿದ್ದಳು. ಎಷ್ಟು ವರ್ಷಗಳಿಂದ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮನೆಯ ಪರದೆಗಳು, ದಿಂಬಿನ ಚೀಲಗಳು, ತನ್ನ ಅಂಗಿಯ ತಿರುಗಿಸಿ ಹೊಲಿದ ಕಾಲರುಗಳು, ಎಲ್ಲವನ್ನೂ ಅವನು ಆ ಸಂಜೆ ಒಂದೊಂದಾಗಿ ನೋಡಿದ. ಕುತ್ತಿಗೆಗೆ ತಾಗಿಕೊಂಡೇ ಇದ್ದಳು ಅಕ್ಕ, ಅವನಿಗೆ ಗೊತ್ತಾಗಿರಲಿಲ್ಲ.

ಆ ದಿನ ಅಕ್ಕ ಇಸ್ತ್ರಿ ಮಾಡಿದ ಬೂದು ಸೀರೆಯಲ್ಲಿ ಬಂದಳು. ಕೆಳಗೆ ಬಾಗಿಲಲ್ಲಿ ಕಾವಲಿನವನು ಎದ್ದು ನಿಂತ. ಮ್ಯಾನೇಜರು ಅವಳ ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ನಿಮ್ಮ ಕಥೆ ಕೇಳಿ ನಮ್ಮಮ್ಮ ನಮ್ಮತ್ತೆ ಜೊತೆ ಮಾತು ಶುರು ಮಾಡಿದ್ರು," ಎಂದಳು. ಅಕ್ಕ, "ಒಳ್ಳೇದಾಯ್ತಲ್ಲ. ಈಗ್ಲೂ ಮಾತಾಡ್ತಿದಾರಾ?" ಎಂದು ಕೇಳಿದಳು. ಮ್ಯಾನೇಜರು ನಕ್ಕಳು. ತಂತ್ರಜ್ಞ ಬಂದು ಅಕ್ಕನ ಮುಂದಿನ ಮೈಕನ್ನು ತಗ್ಗಿಸಿ, ಕುರ್ಚಿಗೆ ಒಂದು ದಿಂಬು ಇಟ್ಟು, ಗಾಜಿನ ಆಚೆ ಹೋಗಿ ಕೂತ. ಇಂದು ಅವನ ಕೈಯಲ್ಲಿ ಹಣ್ಣಿರಲಿಲ್ಲ.

ದೀಪ ಕೆಂಪಗಾಯಿತು. "ಎದ್ದೇಳಿ, ಬೆಳಗಾಯಿತು," ಎಂದು ದನಿ ಹೊರಟಿತು. ಎದುರಿಗೆ ಅಕ್ಕನ ಮುಖ. ಚಿಕ್ಕಂದಿನಲ್ಲಿ ಪದ್ಯ ಹೇಳುವಾಗ ಎದುರು ನಿಂತು ತುಟಿ ಆಡಿಸುತ್ತಿದ್ದ ಹಾಗೆಯೇ ಅವಳ ತುಟಿ ಈಗಲೂ ಸ್ವಲ್ಪ ಅಲ್ಲಾಡುತ್ತಿತ್ತು. ಮುಂದಿನ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು, ದಿನಾ ಕೇಳಿದವಳು. ಅವನಿಗೆ ಅದನ್ನು ಕಂಡು ಎದೆ ತುಂಬಿ ಬಂತು. ತುಂಬಿ ಬಂದದ್ದೇ ದನಿಗೆ ಸಾಕಾಯಿತು. ಅದು ಬೆಚ್ಚಗಾಯಿತು, ಹೆಜ್ಜೆ ಹಿಡಿಯಿತು. "ಒಬ್ಬಳು ಅಕ್ಕ ಇದ್ದಳು," ಎಂದಿತು, "ಮೋಸ ಹೋಗಿ ಮನೆ ಬಿಟ್ಟಳು."

ಅಕ್ಕನ ತುಟಿ ನಿಂತಿತು.

ಅವನು ಕೇಳಿಸಿಕೊಂಡದ್ದು ಹೇಳಿಯಾದ ಮೇಲೆ. ಹಿಂದಕ್ಕೆ ಎಳೆದುಕೊಳ್ಳಲು ಆಗದು, ಆಗಲೇ ಎಷ್ಟೋ ಅಡುಗೆಮನೆಗಳಲ್ಲಿ ಅದು ಬಿದ್ದಾಗಿತ್ತು. ಅಲ್ಲ, ಹಾಗಲ್ಲ, ಎಂದು ಅಲ್ಲೇ ಹೇಳಬಹುದಿತ್ತು. ಎರಡು ಮಾತು. ಗಾಜಿನ ಆಚೆ ಮ್ಯಾನೇಜರು ಹೆಬ್ಬೆರಳೆತ್ತಿ ನಗುತ್ತಿದ್ದಳು. ದನಿ ಮುಂದುವರಿಯಿತು, ಚೀಲ ಹೇಳಿತು, ಸೀರೆಯ ಬಣ್ಣ ಹೇಳಿತು, "ಆ ಅಕ್ಕ ಇಂದು ನನ್ನೆದುರಿಗೇ ಕೂತಿದಾಳೆ," ಎಂದು ಹೇಳಿ ನಿಂತಿತು. ಎಲ್ಲಿ ನಿಲ್ಲಬೇಕೋ ಅಲ್ಲಿಯೇ.

ಅಕ್ಕ ಮೈಕಿಗೆ ಹತ್ತಿರ ಬಾಗಿದಳು, ಕಿವುಡರ ಹತ್ತಿರ ಮಾತಾಡುವಂತೆ. "ನನ್ನ ತಮ್ಮ ಚಿಕ್ಕವನು, ಅವನಿಗೆ ಎಲ್ಲಾ ಗೊತ್ತಿರ್ಲಿಲ್ಲ," ಎಂದಳು. "ನನಗೆ ಯಾರೂ ಮೋಸ ಮಾಡ್ಲಿಲ್ಲ. ನಾನು ಹೋಗಿದ್ದು ಒಳ್ಳೆಯವರ ಜೊತೆ. ಅವರು ತೀರ್ಕೊಂಡ್ರು. ಅಷ್ಟೇ." ಸ್ವಲ್ಪ ತಡೆದಳು. ಅವಳಿಗೆ ಉಸಿರು ಬೇಕಾಗಿತ್ತು. "ಆಮೇಲೆ ತಮ್ಮನ ಮನೆಗೆ ಬಂದೆ. ಮಧ್ಯಾಹ್ನ. ಒಳಗೆ ಇವನು ಏನೋ ಓದ್ತಾ ಇದ್ದ, ಬೀದಿಗೇ ಕೇಳಿಸ್ತಿತ್ತು. ನಾನು ಸ್ವಲ್ಪ ಹೊತ್ತು ಹೊರಗೇ ನಿಂತು ಕೇಳ್ದೆ. ಎಷ್ಟು ಚೆನ್ನಾಗಿ ಓದ್ತಾನಲ್ಲ ಅನ್ನಿಸ್ತು. ಆಮೇಲೆ ತಟ್ಟಿದೆ. ಓದೋದು ನಿಂತುಬಿಡ್ತು."

ಅವನ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು. ಬಂತು, ಎಂದುಕೊಂಡ. ಬರಲಿ. ಭಯದ ಅಡಿಯಲ್ಲಿ ಒಂದು ತಂಪು ಆಸೆಯೂ ಇತ್ತು, ಹಲ್ಲು ಕೀಳುವವನ ಮುಂದೆ ಕೂತವನಿಗೆ ಇರುವಂಥದ್ದು.

"ಆಮೇಲೆ ಬಾಗಿಲು ತೆಗೀತು," ಎಂದಳು ಅಕ್ಕ. "ಇವನೇ ಬಂದ. ಪೆನ್ನು ಕೈಯಲ್ಲೇ ಇತ್ತು. ನನ್ನ ಮುಖ ನೋಡ್ಲಿಲ್ಲ, ಕಾಲು ನೋಡ್ದ. ದಾರೀಲಿ ನನ್ನ ಚಪ್ಪಲಿ ಕಿತ್ತುಹೋಗಿತ್ತು, ಬರಿಗಾಲಲ್ಲಿ ಬಂದಿದ್ದೆ, ಅಂಗಾಲು ಬೊಬ್ಬೆ ಎದ್ದಿತ್ತು. ಅಕ್ಕ, ಚಪ್ಪಲಿ ಇಲ್ವಲ್ಲೇ ಅಂದ. ಬೇರೆ ಏನೂ ಕೇಳ್ಲಿಲ್ಲ. ಚೀಲ ತಗೊಂಡ. ಒಳಗೆ ಕರ್ಕೊಂಡು ಹೋಗಿ ಕೂರಿಸ್ದ. ತಣ್ಣೀರು ತಂದು ಕಾಲಿಗೆ ಹಾಕ್ದ. ತಾನೇ."

ಬರಿಗಾಲು. ಅದು ಅವನಿಗೆ ಗೊತ್ತಿರಲಿಲ್ಲ. ಕಿಟಕಿಯ ಸಂದಿನಿಂದ ಸೀರೆಯ ಅಂಚು ಕಂಡಿತ್ತು, ಅದರ ಕೆಳಗೆ ಅವನು ನೋಡಿರಲಿಲ್ಲ. ಇಷ್ಟು ವರ್ಷ ಅವನು ಕಟ್ಟಿ ಹೇಳಿದ ಕಥೆಯಲ್ಲಿ ಕಣ್ಣೀರಿತ್ತು, ತಬ್ಬಿಕೊಳ್ಳುವುದಿತ್ತು, ದೇವರಿದ್ದ; ಕಾಲಿಗೆ ಒಂದು ಚೊಂಬು ನೀರು ಇರಲಿಲ್ಲ. ಬಾಗಿಲ ಹೊರಗೆ ನಿಂತಿದ್ದಷ್ಟು ಹೊತ್ತು ಅವಳಿಗೆ ಬೇಕಾಗಿದ್ದದ್ದು ಅದು. ಅದನ್ನು ಅವಳು ತನ್ನ ಕೈಯಾರೆ ಅವನಿಗೆ ಕೊಡುತ್ತಿದ್ದಳು, ಮಾಡದವನಿಗೆ ಮಾಡಿದ ಹಾಗೆ. ತಂತ್ರಜ್ಞ ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಮ್ಯಾನೇಜರು ಆಚೆ ತಿರುಗಿ ನಿಂತಿದ್ದಳು.

"ಅಷ್ಟೇ," ಎಂದಳು ಅಕ್ಕ. "ಇನ್ನು ನೀನು ಹೇಳಪ್ಪ."

ಅವನು ಪ್ರಾರ್ಥನೆ ಹೇಳಬೇಕಿತ್ತು. ಹೇಳಿದ. ಒಂದಕ್ಷರವೂ ತಪ್ಪಲಿಲ್ಲ, ದನಿ ಒಂದೆಡೆಯೂ ಸೀಳಲಿಲ್ಲ. ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲವೆಂದು ಆಮೇಲೆ ಎಲ್ಲರೂ ಹೇಳಿದರು. ಹೇಳುತ್ತಿರುವಷ್ಟು ಹೊತ್ತೂ ಅವನು ದೇವರನ್ನಲ್ಲ, ಆ ದನಿಯನ್ನೇ ಬೇಡಿಕೊಳ್ಳುತ್ತಿದ್ದ: ಒಂದು ಸಲ ಒಡೆ, ಇದೊಂದು ಸಲ. ಅದು ಒಡೆಯಲಿಲ್ಲ.

ಹೊರಗೆ ಹತ್ತಾರು ಜನ ಸೇರಿದ್ದರು. ಅವರೆಲ್ಲ ಅಕ್ಕನ ಕೈ ಮುಟ್ಟಿ, ಇವನ ಕೈ ಮುಟ್ಟಿ, ಕೊನೆಗೆ ಚದುರಿದರು. ಕಾರು ಬೇಡ, ಬಸ್ಸಿನಲ್ಲೇ ಹೋಗುತ್ತೇನೆ ಎಂದಳು ಅಕ್ಕ. ಇಬ್ಬರೂ ನಿಲ್ದಾಣದವರೆಗೆ ನಡೆದರು. ಅವಳ ನಡಿಗೆ ನಿಧಾನ, ಅವನು ತನ್ನ ಹೆಜ್ಜೆ ಚಿಕ್ಕದು ಮಾಡಿಕೊಂಡ. ಏನು ಹೇಳಲು ಹೊರಟರೂ ಅದು ಬೆಳಗಿನ ಮಾತಿನ ಹಾಗೆ ಕೇಳಿಸಬಹುದೆಂದು ಅವನಿಗೆ ಭಯ.

"ಬಾಯಿಗೆ ಬಂದುಬಿಡ್ತು ಅಕ್ಕ, ಆ ಮಾತು," ಎಂದ ಕೊನೆಗೆ. "ಬೇಕಂತ ಅಂದಿದ್ದಲ್ಲ."

"ಗೊತ್ತು."

"ಈಗ ಮನೆಗೆ ಬಾ. ಅವಳೂ ಕಾಯ್ತಿರ್ತಾಳೆ. ಊಟ ಮಾಡ್ಕೊಂಡು ಹೋಗು."

ಅಕ್ಕ ರಸ್ತೆಯ ಆ ತುದಿ ನೋಡುತ್ತಿದ್ದಳು. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. "ಬಂದಾಯ್ತಲ್ಲೋ," ಎಂದಳು, ಮೆಲ್ಲಗೆ, ಸಿಟ್ಟಿಲ್ಲದೆ. "ಊರಿಗೆಲ್ಲ ಗೊತ್ತು."

ಬಸ್ಸು ನಿಂತಿತು. ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ ನಿಂತಿದ್ದ. ಸೀಟಿ ಊದಿದರು, ಬಸ್ಸು ಅಲುಗಿತು. ಯಾವ ಯೋಚನೆಯೂ ಇಲ್ಲದೆ ಅವನು ಹಿಂದಿನ ಬಾಗಿಲಿಗೆ ಕೈಹಾಕಿ ಹತ್ತಿಬಿಟ್ಟ. ಒಳಗೆ ಎಡವಿ ಯಾರದೋ ಚೀಲದ ಮೇಲೆ ಕಾಲಿಟ್ಟ, ಬೈಸಿಕೊಂಡ. ಕಂಡಕ್ಟರ್ ಜನರ ನಡುವೆ ತೂರಿಕೊಂಡು ಬಂದು, "ಎಲ್ಲಿಗೆ?" ಎಂದು ಕೇಳಿದ. ಅಕ್ಕನ ನಿಲ್ದಾಣದ ಹೆಸರು ಅವನಿಗೆ ಗೊತ್ತಿರಲಿಲ್ಲ. ಕಾರಿನಲ್ಲಿ ಹೋಗಿ ಬಂದವನು.

"ಅವರು ಇಳಿಯೋ ಕಡೆ," ಎಂದು ಮುಂದಕ್ಕೆ ಕೈ ತೋರಿಸಿದ.

"ಯಾರು ಅವರು?"

ತಲೆಗಳ ಆಚೆ ಬಿಳಿ ಕೂದಲಿನ ಗಂಟು ಕಾಣುತ್ತಿತ್ತು. ಅದು ತಿರುಗಲಿಲ್ಲ. ಅವನು ಬಾಯಿ ತೆರೆದ. ನಮ್ಮಕ್ಕ, ಎಂದ. ಗಾಳಿ ಮಾತ್ರ ಬಂತು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಯಜಮಾನ್ರೇ," ಎಂದ ಕಂಡಕ್ಟರ್, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು. "ಕೇಳಿಸ್ತಿಲ್ಲ."